ಅರ್ಜಿಯ ವೇಷ ತೊಟ್ಟ ಕಡತ

ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ರಚಿಸಿದ ಪ್ರಥಮ ಬ್ರೌಸರು ಪುಟಗಳನ್ನು ತೋರಿಸುವುದರೊಂದಿಗೆ ತಿದ್ದುವ ಸಾಮರ್ಥ್ಯವನ್ನೂ ಪಡೆದಿದ್ದಿತಾದರೂ, ಅನಂತರ ಜನಪ್ರಿಯವಾದ ಬ್ರೌಸರುಗಳು ವಾಚನಕಾರ್ಯಕ್ಕೇ ಪ್ರಾಧಾನ್ಯ ಕೊಟ್ಟುದರಿಂದ, ಕಡತಗಳ ಮಟ್ಟಿಗೆ ವೆಬ್ ಕೆಲಕಾಲ ಕೊಡಬಲ್ಲ, ಆದರೆ ಕೊಳ್ಳಲರಿಯದ ವ್ಯವಸ್ಥೆಯಾಗಿ ಉಳಿಯಿತು. ದೂರದ ಯಂತ್ರಕ್ಕೆ ಕಡತ ಕಳುಹಿಸುವವರು ಎಫ್‌ಟಿಪಿ ಎಂಬ ಕಡತ ವರ್ಗಾವಣೆಯ ನಿಯಮಾವಳಿಯ ಮೊರೆಹೊಗುತ್ತಿದ್ದರು. 1971ರ ಏಪ್ರಿಲ್‌ನಲ್ಲಿ, ವೆಬ್ಬಿನ ಜನನಕ್ಕೆ ಸುಮಾರು ಎರಡು ದಶಕಗಳ ಮುನ್ನ, ಎಂಐಟಿಯಲ್ಲಿದ್ದುಕೊಂಡು ಎಫ್‌ಟಿಪಿಯ ಮೊದಲ ರೂಪವನ್ನು ಬರೆದವರು ಕಾನ್ಪುರದ ಐಐಟಿಯ ಪ್ರಥಮ ತಂಡದ ಪದವೀಧರರಾದ ಅಭಯ್ ಭೂಷಣ್ ಎಂಬುದನ್ನು ನಮ್ಮವರು ಇನ್ನೂ ಹೆಚ್ಚಾಗಿ ಸ್ಮರಿಸಬಹುದಾಗಿತ್ತು.

ಬ್ರೌಸರಿನಲ್ಲಿ ತುಂಬುವ ಅರ್ಜಿಗಳು ಬಂದ ಮೇಲೂ ತೊಡಕು ನೀಗಲಿಲ್ಲ. ಸಾಮಾನ್ಯ ಅಕ್ಷರವಲ್ಲದ ಪ್ರತಿಯೊಂದು ಬೈಟನ್ನೂ ಶೇಕಡಾ ಚಿಹ್ನೆಯೊಡನೆ 3 ಅಕ್ಷರಗಳಾಗಿ ಬರೆಯಬೇಕಾಗಿದ್ದುದರಿಂದ, ಚಿತ್ರವೊಂದು ಈ ಮಾರ್ಗದಲ್ಲಿ ವಿಪರೀತವಾಗಿ ಉಬ್ಬುತ್ತಿದ್ದಿತು. ಜೆರಾಕ್ಸ್ ಸಂಸ್ಥೆಯ ಅರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮ್ಯಾಸಿಂಟರ್ ಅವರು 1995ರ ನವೆಂಬರಿನಲ್ಲಿ, ಪ್ರಾಯೋಗಿಕವೆಂಬ ಹಣೆಪಟ್ಟಿಯೊಡನೆ ಪ್ರಕಟಿಸಿದ ಆರ್‌ಎಫ್‌ಸಿ 1867 ಎಂಬ ಅಂತರ್ಜಾಲ ನಿಯಮಪತ್ರವು ಇದಕ್ಕೆ ಪರಿಹಾರವನ್ನು ಇಮೇಲಿನಿಂದ ಎರವಲು ತಂದಿತು. ಪತ್ರದೊಡನೆ ಲಗತ್ತುಗಳನ್ನು ಕಳುಹಿಸಲು ಇಮೇಲಿನವರು ಬಳಸುತ್ತಿದ್ದ ಉಪಾಯವೆಂದರೆ, ಒಳಗಿನ ವಸ್ತುವಿನಲ್ಲಿ ಎಲ್ಲಿಯೂ ಬಾರದ ಅಕ್ಷರಮಾಲೆಯೊಂದನ್ನು ಗಡಿಗುರುತಾಗಿ ಆರಿಸಿ, ಭಾಗಭಾಗದ ನಡುವೆಯೂ ಅದನ್ನು ನಿಲ್ಲಿಸಿ, ಪ್ರತಿ ಭಾಗದ ತಲೆಯ ಮೇಲೆ ಅದರ ಹೆಸರು, ಜಾತಿಗಳನ್ನು ನಮೂದಿಸುವುದು. ಹೀಗೆ ಮಾಡಿದಲ್ಲಿ ಕಡತದ ಬೈಟುಗಳು ಯಥಾಸ್ಥಿತಿಯಲ್ಲಿಯೇ ಸಾಗಬಲ್ಲವು. ಗಡಿಗುರುತನ್ನು ತಪ್ಪಾಗಿ ಬರೆದ ಪ್ರೋಗ್ರಾಮರನ ವಿನಂತಿಯನ್ನು ಅನೇಕ ಸರ್ವರುಗಳು ಇಂದಿಗೂ ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸುತ್ತವೆ.

ಈ ಏರ್ಪಾಡು ಗುಂಡಿಯೊತ್ತಿ ಕಡತವನ್ನು ಆರಿಸುವ ಮನುಷ್ಯನಿಗಾಗಿ ಹುಟ್ಟಿತೆಂಬುದನ್ನು ಮರೆಯಲಾಗದು. ಕಾಲಕ್ರಮದಲ್ಲಿ ಪ್ರೋಗ್ರಾಮುಗಳು ಪರಸ್ಪರ ವ್ಯವಹರಿಸುವ ಎಪಿಐಗಳು ಬೆಳೆದಾಗ, ಅರ್ಜಿಯೂ ಇಲ್ಲದ, ಗುಂಡಿಯೂ ಇಲ್ಲದ ಆ ಲೋಕಕ್ಕೆ ಅದೇ ಗಡಿಗುರುತಿನ ಲಕೋಟೆ ಹಾಗೆಯೇ ಸಾಗಿಬಂದಿತು. 1998ರಲ್ಲಿ ಹೊರಬಂದ, ವೆಬ್ ವಿನಂತಿಗಳನ್ನು ಕಳುಹಿಸುವ ಕರ್ಲ್ ಎಂಬ ಉಪಕರಣದ ಕೈಪಿಡಿಯು ಅದರ ಎಫ್ ಆಯ್ಕೆಯನ್ನು ವಿವರಿಸುವಾಗ, ಬಳಕೆದಾರನೊಬ್ಬನು ಅರ್ಜಿಯನ್ನು ತುಂಬಿ ಗುಂಡಿಯೊತ್ತಿದ್ದಾನೆಂದು ನಟಿಸುವುದೇ ಅದರ ಕೆಲಸವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ನನ್ನ ಮಟ್ಟಿಗೆ, ವೆಬ್ಬಿನ ಇಡೀ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾದ ವೇಷಧಾರಣೆ ಬೇರೊಂದಿಲ್ಲ.

ಅಮೆಜಾನ್ 2006ರ ಮಾರ್ಚಿನಲ್ಲಿ ಆರಂಭಿಸಿದ ಎಸ್3 ಸಂಗ್ರಹಣಾ ಸೇವೆಯು ಎಚ್‌ಟಿಟಿಪಿಯ ಪುಟ್ ವಿಧಾನದಿಂದ, ಲಕೋಟೆಯ ಹಂಗಿಲ್ಲದೆ ಕಡತವನ್ನು ನೇರವಾಗಿ ಸ್ವೀಕರಿಸಿತು. ದೊಡ್ಡ ಕಡತವನ್ನು ತುಂಡುಗಳಾಗಿಸಿ ಕಳುಹಿಸುವ ಸೌಕರ್ಯವು ಅದಕ್ಕೆ 2010ರಲ್ಲಿ ಸೇರಿತು. ಆದರೂ ಹಳೆಯ ಲಕೋಟೆ ಮೂಲೆ ಸೇರಲಿಲ್ಲ. 2015ರ ಜುಲೈಯಲ್ಲಿ ಅದರ ನಿಯಮಗಳನ್ನು ಆರ್‌ಎಫ್‌ಸಿ 7578 ಎಂಬ ಹೆಸರಿನಲ್ಲಿ ಪರಿಷ್ಕರಿಸಿ ಬರೆದವರು ಅದೇ ಮ್ಯಾಸಿಂಟರ್.