ಪಾಪವೇ, ಅಪರಾಧವೇ? ಸಂತ ಪೇತ್ರ ದಾಮಿಯಾನರಿಂದ 377ನೇ ಕಲಮಿನವರೆಗೆ



ಫೆಬ್ರವರಿ 21ರಂದು ಧರ್ಮಸಭೆ ಸಂತ ಪೇತ್ರ ದಾಮಿಯಾನರನ್ನು ಸ್ಮರಿಸುತ್ತದೆ. ಎಷ್ಟೋ ವರ್ಷ ಆ ದಿನ ತಪಸ್ಸುಕಾಲದ ಒಳಗೇ ಬಿದ್ದು ಮರೆಯಾಗುವುದರಿಂದ ನಮ್ಮ ಧರ್ಮಕೇಂದ್ರಗಳಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಆದರೂ 1828ರಲ್ಲಿ ಧರ್ಮಸಭೆಯ ಪಂಡಿತರೆಂದು ಘೋಷಿತರಾದ ಮಹನೀಯರು ಅವರು. ಈ ಸಲ ಅವರನ್ನು ನೆನೆಯಲು ನಮಗೆ ಒಂದು ವಿಶೇಷ ಕಾರಣವಿದೆ. ಸಲಿಂಗಕಾಮದ ವಿಷಯ ಬಂದಾಗಲೆಲ್ಲ "ಮೊದಲಿನಿಂದಲೂ ನಮ್ಮ ಧರ್ಮದಲ್ಲಿ ಇದು ಶಿಕ್ಷಾರ್ಹ ಅಪರಾಧವಲ್ಲವೇ ಫಾದರ್?" ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿ. ಪಾಪ ಎನ್ನುವುದು ಬೇರೆ, ಅಪರಾಧ ಎನ್ನುವುದು ಬೇರೆ. ಒಂದು ಪಾಪನಿವೇದನೆಯ ಪೀಠಕ್ಕೆ ಸೇರಿದ್ದು, ಇನ್ನೊಂದು ಪೊಲೀಸ್ ಠಾಣೆಗೆ. ಇವೆರಡೂ ಯಾವಾಗ, ಯಾರ ಕೈಯಲ್ಲಿ ಬೆರೆತುಹೋದವು ಎಂದು ಚರಿತ್ರೆಯಲ್ಲಿ ಹುಡುಕಿದರೆ ನಮಗೆ ಅನಿರೀಕ್ಷಿತವಾದ ಉತ್ತರ ಸಿಗುತ್ತದೆ.

ಪೇತ್ರ ಹುಟ್ಟಿದ್ದು 1007ರ ಸುಮಾರಿಗೆ, ಇಟಲಿಯ ರವೆನ್ನಾ ನಗರದಲ್ಲಿ. ಎಳೆಯ ವಯಸ್ಸಿನಲ್ಲೇ ತಬ್ಬಲಿಯಾದ ಹುಡುಗನನ್ನು ಒಬ್ಬ ಅಣ್ಣ ಹಂದಿ ಕಾಯಲು ಹಚ್ಚಿದ. ಗುರುಗಳಾಗಿದ್ದ ಇನ್ನೊಬ್ಬ ಅಣ್ಣ ದಾಮಿಯಾನ ಅವನನ್ನು ಓದಿಸಿದ. ಆ ಉಪಕಾರದ ನೆನಪಿಗೆ ತಮ್ಮ ಅಣ್ಣನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ. ಮುಂದೆ ಫೋಂತೆ ಅವೆಲ್ಲಾನದ ಮಠ ಸೇರಿ ಅದರ ಮಠಾಧಿಪತಿಯಾದರು. ಉಪವಾಸ, ಏಕಾಂತ, ಚಾವಟಿಯ ಏಟು, ಇವೇ ಅವರ ನಿತ್ಯದ ಬದುಕು. ಪದವಿಗಳನ್ನು ಹಣಕ್ಕೆ ಮಾರುತ್ತಿದ್ದ, ಬ್ರಹ್ಮಚರ್ಯದ ವ್ರತ ಮುರಿಯುತ್ತಿದ್ದ ಗುರುಗಳನ್ನು ಕಂಡರೆ ಅವರಿಗೆ ಕೆಂಡದಂಥ ಕೋಪ.

ಆ ಕೋಪದಲ್ಲೇ 1049ರ ಸುಮಾರಿಗೆ ಅವರೊಂದು ಪುಸ್ತಕ ಬರೆದು ಆಗತಾನೇ ಜಗದ್ಗುರುಗಳಾಗಿದ್ದ ಒಂಬತ್ತನೇ ಲಿಯೋರವರಿಗೆ ಅರ್ಪಿಸಿದರು. ಅದನ್ನು 'ಗೊಮೋರದ ಪುಸ್ತಕ' ಎಂದೇ ಕರೆಯುತ್ತಾರೆ. ಗೊಮೋರ, ಸೊದೋಮ್ ಎಂದ ಕೂಡಲೇ ನಮ್ಮ ಜನರಿಗೆ ಆದಿಕಾಂಡದ 19ನೇ ಅಧ್ಯಾಯ, ಆಕಾಶದಿಂದ ಸುರಿದ ಬೆಂಕಿ ನೆನಪಾಗುತ್ತದೆ. ಪ್ರವಾದಿ ಯೆಜೆಕಿಯೇಲ ಸೊದೋಮಿನ ಅಪರಾಧವೇನೆಂದು ಹೇಳುವಾಗ (16:49) ಮೊದಲು ಎತ್ತುವುದು ಗರ್ವವನ್ನು, ಉಂಡು ತೇಗಿದ ನೆಮ್ಮದಿಯನ್ನು, ಬಡವರ ಕೈಹಿಡಿಯದ ಕಲ್ಲೆದೆಯನ್ನು ಎಂಬುದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. ಯಾಜಕಕಾಂಡದಲ್ಲೂ ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲೂ ಸಲಿಂಗ ಸಂಪರ್ಕವನ್ನು ನೇರವಾಗಿಯೇ ಖಂಡಿಸಲಾಗಿದೆ; ಅದನ್ನು ಮುಚ್ಚಿಡಬೇಕಾಗಿಲ್ಲ. ಪೌಲರು ಅದೇ ಉಸಿರಿನಲ್ಲಿ, ಎರಡನೇ ಅಧ್ಯಾಯದ ಮೊದಲ ವಾಕ್ಯದಲ್ಲೇ, ಇತರರ ಮೇಲೆ ತೀರ್ಪು ಕೊಡುವವರ ಕಡೆಗೆ ತಿರುಗುತ್ತಾರೆ ಎಂಬುದನ್ನೂ ಮುಚ್ಚಿಡಬಾರದು.

ದಾಮಿಯಾನರ ಪುಸ್ತಕ ಇಡೀ ಲೋಕದ ಜನರ ಬಗ್ಗೆ ಅಲ್ಲ, ಮುಖ್ಯವಾಗಿ ಗುರುಗಳ ಬಗ್ಗೆ. ಈ ಪಾಪದಲ್ಲಿ ಬಿದ್ದ ಗುರುಗಳೆಲ್ಲರನ್ನೂ ಪದವಿಯಿಂದ ಇಳಿಸಬೇಕು ಎಂಬುದು ಅವರ ಬೇಡಿಕೆ. ಒಟ್ಟಿಗೆ ಪಾಪ ಮಾಡಿದವರೇ ಒಬ್ಬರಿಗೊಬ್ಬರು ಪಾಪನಿವೇದನೆ ಮಾಡಿ ಸುಲಭವಾಗಿ ಕ್ಷಮೆ ಪಡೆಯುತ್ತಾರೆ ಎಂದು ಅವರು ದೂರುತ್ತಾರೆ. ತಮ್ಮ ಆತ್ಮಿಕ ಪುತ್ರರನ್ನೇ ಕೆಡಿಸುವ ಹಿರಿಯರ ಮೇಲಂತೂ ಅವರ ಮಾತು ಸಿಡಿಲಿನಂತೆ ಎರಗುತ್ತದೆ. ಈ ಒಂದು ವಿಷಯದಲ್ಲಿ ಅವರ ಸಿಟ್ಟು ಇಂದಿಗೂ ಸಾರ್ಥಕ. ತನ್ನ ಅಧೀನದಲ್ಲಿರುವವರನ್ನು, ಅದರಲ್ಲೂ ಮಕ್ಕಳನ್ನು, ಬಳಸಿಕೊಳ್ಳುವುದು ಪಾಪವೂ ಹೌದು, ಅಪರಾಧವೂ ಹೌದು. ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಆದರೆ ಕೆಲವರು ಈ ದೌರ್ಜನ್ಯವನ್ನೂ ಸಲಿಂಗಕಾಮವನ್ನೂ ಒಂದೇ ಮಾಡಿ ಮಾತನಾಡುತ್ತಾರೆ. ಹೆಣ್ಣುಮಕ್ಕಳ ಮೇಲಾದ ದೌರ್ಜನ್ಯ ಇವರ ಲೆಕ್ಕಕ್ಕೆ ಯಾಕೆ ಬರುವುದಿಲ್ಲವೋ!

ಪುಸ್ತಕ ತಲುಪಿದ ಮೇಲೆ ಜಗದ್ಗುರು ಲಿಯೋ ಏನು ಮಾಡಿದರು? ಅವರೂ ಸುಧಾರಣೆಯ ಕಟ್ಟಾಳು. ಅದೇ 1049ರಲ್ಲಿ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಧರ್ಮಾಧ್ಯಕ್ಷರನ್ನು ಎದುರಿಗೆ ನಿಲ್ಲಿಸಿಕೊಂಡು ಹಣ ಕೊಟ್ಟು ಪದವಿ ಪಡೆದಿರಾ ಎಂದು ವಿಚಾರಣೆ ನಡೆಸಿದವರು. ಅಂಥವರು ದಾಮಿಯಾನರಿಗೆ ಬರೆದ ಉತ್ತರದಲ್ಲಿ ಅವರ ಪರಿಶುದ್ಧತೆಯನ್ನು ಹೊಗಳಿ, ಪಾಪ ಘೋರವೆಂದು ಒಪ್ಪಿ, ಆಮೇಲೆ ತಾವು ಇನ್ನೂ ಮಾನವೀಯವಾಗಿ ನಡೆದುಕೊಳ್ಳುವುದಾಗಿ ಹೇಳುತ್ತಾರೆ. ಬಹುಕಾಲದ ಚಾಳಿಯಾಗಿರದೆ, ಅನೇಕರೊಡನೆ ಆಗಿರದೆ, ಮನಸ್ಸನ್ನು ಹತೋಟಿಗೆ ತಂದು ತಕ್ಕ ಪ್ರಾಯಶ್ಚಿತ್ತ ಮಾಡಿಕೊಂಡವರನ್ನು ಮತ್ತೆ ಅದೇ ಪದವಿಗೆ ಸೇರಿಸಿಕೊಳ್ಳಬಹುದು. ಚಾಳಿ ಬಿದ್ದವರಿಗೂ ಅತಿ ಘೋರ ಬಗೆಯಲ್ಲಿ ಬಿದ್ದವರಿಗೂ ಮಾತ್ರ ಆ ದಾರಿಯಿಲ್ಲ. ಸಂತರು ಕೇಳಿದ್ದಕ್ಕಿಂತ ಇದು ಮೃದು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅಷ್ಟು ಕಠೋರರಾದ ದಾಮಿಯಾನರಾಗಲಿ ಅವರಿಗೆ ಉತ್ತರಿಸಿದ ಲಿಯೋ ಆಗಲಿ ಚರ್ಚಿಸುತ್ತಿರುವುದು ಪದವಿ ಮತ್ತು ಪ್ರಾಯಶ್ಚಿತ್ತದ ಬಗ್ಗೆ. ಗಲ್ಲು ಶಿಕ್ಷೆ ಅವರ ವಾದದ ವಿಷಯವೇ ಅಲ್ಲ. 1179ರ ಮೂರನೇ ಲಾತೆರನ್ ಮಹಾಸಭೆಯೂ ಇದೇ ದಾರಿಯಲ್ಲಿ ನಡೆದು, ಗುರುಗಳಾದರೆ ಪದಚ್ಯುತಿ ಅಥವಾ ಮಠದಲ್ಲಿ ಪ್ರಾಯಶ್ಚಿತ್ತ, ಶ್ರೀಸಾಮಾನ್ಯರಾದರೆ ಬಹಿಷ್ಕಾರ ಎಂದಿತು.

ಹಾಗೆಂದು ನಮ್ಮ ಕೈಗಳು ಶುದ್ಧ ಎಂದು ಹೇಳಿಕೊಳ್ಳಲಾರೆವು. ಆರನೇ ಶತಮಾನದಲ್ಲೇ ಕ್ರೈಸ್ತ ಚಕ್ರವರ್ತಿ ಜಸ್ಟಿನಿಯನ್, ಕ್ಷಾಮ, ಭೂಕಂಪ, ಪಿಡುಗುಗಳು ಇಂಥವರಿಂದಲೇ ಬರುತ್ತವೆಂದು ಕಾನೂನಿನಲ್ಲಿ ಬರೆಸಿದ್ದ. ಹದಿಮೂರನೇ ಶತಮಾನದಿಂದ ಯೂರೋಪಿನ ರಾಜರೂ ನಗರಗಳೂ ಬೆಂಕಿಯ ಶಿಕ್ಷೆ ತಂದಾಗ ಧರ್ಮಸಭೆ ತಡೆಯಲಿಲ್ಲ. 1568ರಲ್ಲಿ ಜಗದ್ಗುರು ಐದನೇ ಪಯಸ್, ಅವರೂ ಸಂತರೇ, ಈ ಪಾಪ ಮಾಡಿದ ಗುರುಗಳ ದೀಕ್ಷೆಯ ಹಕ್ಕು ಕಿತ್ತು ರಾಜಾಧಿಕಾರಿಗಳ ಕೈಗೆ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದರು. ಒಪ್ಪಿಸಿದ ಮೇಲೆ ಏನಾಗುತ್ತದೆಂದು ಆಗ ಎಲ್ಲರಿಗೂ ಗೊತ್ತಿತ್ತು.

ಇನ್ನು ನಮ್ಮ ದೇಶಕ್ಕೆ ಈ ಕಾನೂನು ಬಂದದ್ದು ರೋಮಿನಿಂದಲ್ಲ, ಲಂಡನ್ನಿನಿಂದ. ಇಂಗ್ಲೆಂಡಿನಲ್ಲಿ ಇದು ಧರ್ಮಸಭೆಯ ನ್ಯಾಯಸ್ಥಾನಗಳ ವಿಷಯವಾಗಿತ್ತು. ಎಂಟನೇ ಹೆನ್ರಿ ರೋಮಿನಿಂದ ಕಡಿದುಕೊಳ್ಳುತ್ತಿದ್ದ ಕಾಲದಲ್ಲೇ, 1533ರಲ್ಲಿ, ಪಾರ್ಲಿಮೆಂಟು ಇದನ್ನು ಗಲ್ಲು ಶಿಕ್ಷೆಯ ಅಪರಾಧವಾಗಿ ಮಾಡಿತು, ಆಸ್ತಿಯೂ ಮುಟ್ಟುಗೋಲು. 1553ರಲ್ಲಿ ಕಥೋಲಿಕ ರಾಣಿ ಮೇರಿಯ ಕಾಲದಲ್ಲಿ ಇದು ರದ್ದಾಯಿತು. ಕರುಣೆಯಿಂದಲ್ಲ, ತಂದೆಯ ಕಾಲದ ಹೊಸ ಅಪರಾಧಗಳನ್ನು ಸಾರಾಸಗಟಾಗಿ ಅಳಿಸುವಾಗ ಇದೂ ಹೋಯಿತು. 1563ರಲ್ಲಿ ಎಲಿಜಬೆತ್ ಮತ್ತೆ ತಂದರು. 1835ರ ನವೆಂಬರ್ 27ರಂದು ಜೇಮ್ಸ್ ಪ್ರಾಟ್, ಜಾನ್ ಸ್ಮಿತ್ ಎಂಬ ಇಬ್ಬರನ್ನು ನ್ಯೂಗೇಟ್ ಸೆರೆಮನೆಯ ಮುಂದೆ ನೇಣಿಗೆ ಹಾಕಿದರು. ಕುದುರೆ ನೋಡಿಕೊಳ್ಳುವವನೊಬ್ಬ, ಕೂಲಿಯವನೊಬ್ಬ. ಅವರನ್ನು ವಿಚಾರಣೆಗೆ ಒಪ್ಪಿಸಿದ ಮ್ಯಾಜಿಸ್ಟ್ರೇಟರೇ ಗೃಹಮಂತ್ರಿಗೆ ಪತ್ರ ಬರೆದು, ಇದರಿಂದ ಬೇರೆ ಯಾರಿಗೂ ಹಾನಿಯಾಗಿಲ್ಲ, ಹಣವಂತರು ತಪ್ಪಿಸಿಕೊಳ್ಳುತ್ತಾರೆ, ಬಡವರು ಸಿಕ್ಕಿಬೀಳುತ್ತಾರೆ ಎಂದು ಬೇಡಿಕೊಂಡಿದ್ದರು. ಫಲ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಈ ಕಾರಣಕ್ಕೆ ನೇಣಾದ ಕೊನೆಯವರು ಇವರೇ.

ಎರಡು ವರ್ಷದ ಬಳಿಕ, 1837ರಲ್ಲಿ, ಮೆಕಾಲೆಯ ಆಯೋಗ ಭಾರತ ದಂಡಸಂಹಿತೆಯ ಕರಡು ಸಿದ್ಧಪಡಿಸಿತು. 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಆ ಸಂಹಿತೆಯ 377ನೇ ಕಲಮು 'ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ' ಸಂಭೋಗಕ್ಕೆ ಜೀವಾವಧಿ ಅಥವಾ 10 ವರ್ಷದವರೆಗೆ ಶಿಕ್ಷೆ ವಿಧಿಸಿತು. ಪ್ರಕೃತಿಯ ಕ್ರಮ ಎಂಬುದು ನಾವು ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದುವಾಗ ಕಲಿತ ಮಾತು. ದೈವಶಾಸ್ತ್ರದ ಮಾತು ಹೀಗೆ ಪೇದೆಯ ಲಾಠಿಗೆ ಕಟ್ಟಲ್ಪಟ್ಟಿತು. ಅದೇ ಅಕ್ವಿನಾಸರು, ಮನುಷ್ಯರ ಕಾನೂನು ಎಲ್ಲ ದುರ್ಗುಣಗಳನ್ನೂ ತಡೆಯಲು ಹೊರಡಬಾರದು, ಇತರರಿಗೆ ಹಾನಿ ಮಾಡುವ ಘೋರ ಕೃತ್ಯಗಳನ್ನೇ ಮುಖ್ಯವಾಗಿ ತಡೆಯಬೇಕು ಎಂದು ಕಲಿಸಿದ್ದಾರೆ. ಕಾನೂನು ಪಂಡಿತರು ಮೊದಲ ಪಾಠವನ್ನು ತೆಗೆದುಕೊಂಡರು, ಎರಡನೆಯದನ್ನು ಬಿಟ್ಟರು.

ಬಿಟ್ಟ ಪಾಠವನ್ನು ಮತ್ತೆ ಕೈಗೆತ್ತಿಕೊಂಡವರು ಇಂಗ್ಲೆಂಡಿನ ಕಥೋಲಿಕರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. 1950ರ ದಶಕದಲ್ಲಿ ಆ ದೇಶದ ಸರಕಾರ ಈ ಕಾನೂನಿನ ಪರಿಶೀಲನೆಗೆ ವುಲ್ಫೆಂಡನ್ ಸಮಿತಿ ನೇಮಿಸಿತು. ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಬರ್ನಾರ್ಡ್ ಗ್ರಿಫಿನ್ ತಮ್ಮದೇ ಒಂದು ಸಮಿತಿ ರಚಿಸಿದರು. 1956ರಲ್ಲಿ ಆ ಸಮಿತಿ, ಕೃತ್ಯ ಪಾಪವೇ ಸರಿ, ಆದರೆ ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ಮಾಡುವುದನ್ನು ದಂಡಿಸುವುದು ರಾಜ್ಯದ ಕೆಲಸವಲ್ಲ, ತಿದ್ದಲು ಸೆರೆಮನೆ ಬಹುಮಟ್ಟಿಗೆ ನಿಷ್ಪ್ರಯೋಜಕ ಎಂದು ಅಭಿಪ್ರಾಯಪಟ್ಟಿತು. ಆಂಗ್ಲಿಕನ್ ಸಭೆಯವರು ಅದಕ್ಕೂ ಮೊದಲೇ, 1954ರಲ್ಲಿ, ಕಾನೂನು ಬದಲಾಗಬೇಕೆಂದು ವರದಿ ಹೊರತಂದಿದ್ದರು. 1957ರಲ್ಲಿ ವುಲ್ಫೆಂಡನ್ ವರದಿ ಬಂತು. 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕಾನೂನು ಸಡಿಲವಾಯಿತು. ಕೊಟ್ಟವರು ಬಿಟ್ಟರು, ಪಡೆದ ನಾವು ಇನ್ನೂ ಐವತ್ತೊಂದು ವರ್ಷ ಹಿಡಿದುಕೊಂಡೆವು!

ನಮ್ಮಲ್ಲಿ ನಡೆದದ್ದು ಓದುಗರಿಗೆ ನೆನಪಿದೆ. 2009ರ ಜುಲೈ 2ರಂದು ದೆಹಲಿ ಹೈಕೋರ್ಟು ವಯಸ್ಕರ ಒಪ್ಪಿತ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಹಲವರು ಸುಪ್ರೀಂ ಕೋರ್ಟಿಗೆ ಓಡಿದರು. ಬೇರೆಲ್ಲೂ ಒಂದೇ ಬೆಂಚಿನಲ್ಲಿ ಕೂರದವರು ಇಲ್ಲಿ ಒಟ್ಟಿಗೆ ಕುಳಿತರು. 2013ರ ಡಿಸೆಂಬರ್ 11ರಂದು ಆ ತೀರ್ಪು ಬಿದ್ದುಹೋಯಿತು. ಆಗ ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಆಸ್ವಾಲ್ಡ್ ಗ್ರೇಸಿಯಸ್, ಸಲಿಂಗ ವಿವಾಹವನ್ನು ಒಪ್ಪುವುದಿಲ್ಲ, ಆದರೆ ಈ ಜನರನ್ನು ಅಪರಾಧಿಗಳೆಂದು ಧರ್ಮಸಭೆ ಎಂದೂ ಪರಿಗಣಿಸಿಲ್ಲ ಎಂದು ಹೇಳಿದರು. 'ಎಂದೂ' ಎಂಬ ಪದ, ಐದನೇ ಪಯಸರನ್ನು ನೆನೆದರೆ, ಸ್ವಲ್ಪ ಭಾರವಾಯಿತು. ಮಾತಿನ ಧೈರ್ಯ ಮಾತ್ರ ದೊಡ್ಡದು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಭಾಗವನ್ನು ರದ್ದುಗೊಳಿಸಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಪೂರ್ತಿ ಇಲ್ಲ. ಅದರ ಜೊತೆಗೆ, ಬಲಾತ್ಕಾರಕ್ಕೆ ಒಳಗಾದ ವಯಸ್ಕ ಗಂಡಸಿಗೆ ಇದ್ದ ರಕ್ಷಣೆಯೂ ಹೋಯಿತು. ಇದು ಸರಿಯಾಗಬೇಕಾದ ಲೋಪ.

ರೋಮಿನಲ್ಲೂ ಮಾತು ಸ್ಪಷ್ಟವಾಗುತ್ತ ಬಂದಿದೆ. 1992ರ ಧರ್ಮೋಪದೇಶ ಗ್ರಂಥ ಕೃತ್ಯವನ್ನು ಒಪ್ಪದು, ಆದರೆ ವ್ಯಕ್ತಿಗಳನ್ನು ಗೌರವ, ಅನುಕಂಪ, ಸೂಕ್ಷ್ಮತೆಗಳಿಂದ ಸ್ವೀಕರಿಸಬೇಕು ಎನ್ನುತ್ತದೆ. 2008ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ವ್ಯಾಟಿಕನ್ ಪ್ರತಿನಿಧಿಗಳು ಇವರ ಮೇಲಿನ ದಂಡನೆಯ ಕಾನೂನುಗಳನ್ನು ತೆಗೆದುಹಾಕುವಂತೆ ರಾಷ್ಟ್ರಗಳನ್ನು ಕೋರಿದರು. 2023ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಒಂದು ಸಂದರ್ಶನದಲ್ಲಿ, ಸಲಿಂಗಿಯಾಗಿರುವುದು ಅಪರಾಧವಲ್ಲ, ಪಾಪವನ್ನೂ ಅಪರಾಧವನ್ನೂ ಬೇರೆ ಮಾಡಿ ನೋಡಿ, ಪರಸ್ಪರ ಪ್ರೀತಿಯಿಲ್ಲದಿರುವುದೂ ಪಾಪವೇ ಎಂದರು. ಅದೇ ಮೇ ತಿಂಗಳಲ್ಲಿ ಉಗಾಂಡಾ ದೇಶ ಕೆಲವು ಸಂದರ್ಭಗಳಿಗೆ ಮರಣದಂಡನೆ ಇರುವ ಕಾನೂನು ತಂದಿತು. ಅಲ್ಲಿ ಬಹುಸಂಖ್ಯಾತರು ಕ್ರೈಸ್ತರು.

2018ರ ತೀರ್ಪಿನ ನಂತರದ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ಎಲ್ಲರೂ ಹೋಗುವವರೆಗೆ ಕಾದು ನಮ್ಮಲ್ಲಿಗೆ ಬಂದರು. ಮಗ ಬೇರೆ ಊರಿನಲ್ಲಿ ಕೆಲಸಕ್ಕಿದ್ದ. ಫೋನಿನಲ್ಲಿ ತನ್ನ ವಿಷಯ ಹೇಳಿಕೊಂಡಿದ್ದ. ಅವನು ಬ್ರಹ್ಮಚಾರಿಯೋ ಅಲ್ಲವೋ, ಯಾರೊಡನೆ ಇದ್ದಾನೋ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದು ಅವನು ತನ್ನ ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದ ಮಾತು. ಅವರು ಕೇಳಿದ್ದು ಇಷ್ಟೇ: "ಜ್ಞಾನಸ್ನಾನದ ಪುಸ್ತಕದಿಂದ ಅವನ ಹೆಸರು ತೆಗೆದುಹಾಕ್ತೀರಾ ಸ್ವಾಮಿ?" ನಾವು ಕಪಾಟಿನಿಂದ ಆ ವರ್ಷದ ಪುಸ್ತಕ ತಂದು ಪುಟ ತೆರೆದು ತೋರಿಸಿದೆವು. ದೃಢೀಕರಣ, ವಿವಾಹ, ಗುರುದೀಕ್ಷೆಗಳನ್ನು ಬರೆಯಲು ಅಂಚಿನಲ್ಲಿ ಜಾಗ ಬಿಟ್ಟಿರುತ್ತೇವೆ, ಪಡೆದ ಜ್ಞಾನಸ್ನಾನವನ್ನು ಅಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದೆವು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಗಂಡನ ಹೆಸರು, ತಮ್ಮ ಹೆಸರು, ಜ್ಞಾನತಂದೆಯ ಹೆಸರು ಓದಿಕೊಂಡರು. ಕ್ರಿಸ್ಮಸ್ಸಿಗೆ ಅವನನ್ನು ಕರೆಸುತ್ತೇನೆ ಎಂದು ಹೇಳಿ ಹೋದರು.