ಮ್ಯಾಗ್ನೀಟೋ: ಈ ವಿಲನ್‌ಗೆ ಉತ್ತರ ಕೊಡೋರು ಯಾರು?

1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಅವರ ‘ಎಕ್ಸ್-ಮೆನ್’ ಕಾಮಿಕ್‌ನ ಮೊದಲ ಸಂಚಿಕೆ ಬಂದಾಗ ಮ್ಯಾಗ್ನೀಟೋ ಒಬ್ಬ ಮಾಮೂಲಿ ವಿಲನ್. ಲೋಹವನ್ನು ಕೈಸನ್ನೆಯಲ್ಲೇ ಕುಣಿಸ್ತಾನೆ, ಅಮೆರಿಕದ ಕ್ಷಿಪಣಿ ನೆಲೆಯೊಂದನ್ನು ಹಿಡಿದುಕೊಳ್ತಾನೆ, ಐದು ಜನ ಹದಿಹರೆಯದ ಹೀರೋಗಳ ಕೈಲಿ ಸೋತು ಪರಾರಿಯಾಗ್ತಾನೆ. ಇಷ್ಟೆಲ್ಲ ಯಾಕೆ? ಮ್ಯೂಟಂಟ್‌ಗಳು, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರೋರು, ಮನುಷ್ಯರನ್ನು ಆಳಬೇಕಂತೆ. ಮರುವರ್ಷ ಅವನು ಕಟ್ಟಿದ ಗುಂಪಿನ ಹೆಸರು ‘ದುಷ್ಟ ಮ್ಯೂಟಂಟ್‌ಗಳ ಬಳಗ’. ತನ್ನ ಸಂಘಟನೆಗೆ ತಾನೇ ‘ದುಷ್ಟ’ ಅಂತ ಬೋರ್ಡ್ ಹಾಕಿಕೊಂಡ ನಾಯಕನನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಇದು ಬರೀ ಬರಹಗಾರರ ಸೋಮಾರಿತನ ಅಲ್ಲ. ಕಾಮಿಕ್ಸ್ ಓದಿ ಮಕ್ಕಳು ಕೆಡ್ತಿದ್ದಾರೆ ಅಂತ 1954ರಲ್ಲಿ ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ‘ಕಾಮಿಕ್ಸ್ ಕೋಡ್’ ಅನ್ನೋ ನಿಯಮಾವಳಿ ಮಾಡಿಕೊಂಡರು. ಅಪರಾಧಿಯ ಮೇಲೆ ಓದುಗರಿಗೆ ಅನುಕಂಪ ಹುಟ್ಟಬಾರದು, ಕೊನೆಗೆ ಒಳ್ಳೆಯದೇ ಗೆಲ್ಲಬೇಕು. ಇವೆರಡನ್ನು ಬಿಡಿ, ಮೂರನೆಯದನ್ನು ಗಮನಿಸಿ: ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಗೌರವ ಕಡಿಮೆಯಾಗೋ ಹಾಗೆ ಚಿತ್ರಿಸಬಾರದು. ಹಾಗಾದರೆ ಪ್ರಭುತ್ವದ ವಿರುದ್ಧ ನ್ಯಾಯವಾದ ಸಿಟ್ಟಿರೋ ವಿಲನ್ ಎಲ್ಲಿಂದ ಬರಬೇಕು? ಕೋಡ್ ಸಡಿಲವಾಗೋಕೆ ಶುರುವಾಗಿದ್ದೇ 1971ರಲ್ಲಿ.

1975ರಿಂದ ‘ಎಕ್ಸ್-ಮೆನ್’ ಬರೆದ ಕ್ರಿಸ್ ಕ್ಲೇರ್‌ಮಾಂಟ್ ಈ ಪಾತ್ರಕ್ಕೆ ಒಂದು ನೆನಪು ಕೊಟ್ಟರು. 1981ರ 150ನೇ ಸಂಚಿಕೆಯಲ್ಲಿ ಕಿಟ್ಟಿ ಪ್ರೈಡ್ ಅನ್ನೋ ಹುಡುಗಿ ಮ್ಯಾಗ್ನೀಟೋನ ಏಟಿಗೆ ಸಿಕ್ಕಿ ಬೀಳ್ತಾಳೆ. ಸತ್ತೇ ಹೋದಳು ಅಂದುಕೊಂಡು ಅವನು ಕುಸಿದುಬಿಡ್ತಾನೆ. ತಾನು ಬಾಲ್ಯ ಕಳೆದದ್ದು ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಅಂತ ಆಗ ಬಾಯಿಬಿಡ್ತಾನೆ. ಸರ್ಕಾರವೊಂದು ಒಂದು ಜನಾಂಗದ ಪಟ್ಟಿ ಮಾಡೋಕೆ ಶುರು ಮಾಡಿದರೆ ಅದು ಎಲ್ಲಿಗೆ ಮುಟ್ಟುತ್ತೆ ಅಂತ ಅವನಿಗೆ ಪುಸ್ತಕ ಓದಿ ಗೊತ್ತಿದ್ದಲ್ಲ. 1985ರ 200ನೇ ಸಂಚಿಕೆಯಲ್ಲಿ ಪ್ಯಾರಿಸ್‌ನಲ್ಲಿ ಅವನ ವಿಚಾರಣೆ ನಡೆಯುತ್ತೆ. ಆಮೇಲೆ ಗೆಳೆಯ ಪ್ರೊಫೆಸರ್ ಎಕ್ಸ್‌ನ ಶಾಲೆಗೆ ಅವನೇ ಮುಖ್ಯಸ್ಥ.

ಪ್ರೊಫೆಸರ್ ಎಕ್ಸ್ ಅಂದ್ರೆ ಮಾರ್ಟಿನ್ ಲೂಥರ್ ಕಿಂಗ್, ಮ್ಯಾಗ್ನೀಟೋ ಅಂದ್ರೆ ಮಾಲ್ಕಮ್ ಎಕ್ಸ್ ಅನ್ನೋ ಹೋಲಿಕೆ ನೀವೂ ಕೇಳಿರ್ತೀರಿ. ನನಗೆ ಅದು ಆಮೇಲೆ ಅಂಟಿಸಿದ ಲೇಬಲ್ ಅನ್ಸುತ್ತೆ. 1963ರ ಆ ಐದೂ ಹೀರೋಗಳು ಬಿಳಿಯರು. ಕ್ಲೇರ್‌ಮಾಂಟ್ ತಮ್ಮ ಮಾದರಿಯಾಗಿ ಹೆಸರಿಸಿದ್ದು ಸಶಸ್ತ್ರ ಗುಂಪಿನ ನಾಯಕನಾಗಿದ್ದು ಮುಂದೆ ಇಸ್ರೇಲ್‌ನ ಪ್ರಧಾನಿಯಾದ ಮೆನಾಖೆಮ್ ಬೆಗಿನ್‌ರನ್ನು. ಆ ಹೋಲಿಕೆಯನ್ನು ಟೀ-ಶರ್ಟ್ ಮೇಲೆ ಹಾಕೋದು ಅಷ್ಟು ಸಲೀಸಲ್ಲ.

ಇಷ್ಟಾದರೂ ಕಂಪನಿಗೆ ವಿಲನ್ ಬೇಕೇ ಬೇಕು. 1991ರಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋದ ಹೊಸ ‘ಎಕ್ಸ್-ಮೆನ್’ ಮೊದಲ ಸಂಚಿಕೆಯಲ್ಲಿ ಮ್ಯಾಗ್ನೀಟೋ ಮತ್ತೆ ಎದುರಾಳಿ. ಅವನ ವಾದ ಬಲವಾದಾಗೆಲ್ಲ ಬರಹಗಾರರ ಹತ್ತಿರ ಒಂದು ಉಪಾಯ ಇರುತ್ತೆ: ಅವನ ಕೈಲಿ ಒಂದು ಮಹಾಪಾಪ ಮಾಡಿಸಿಬಿಡೋದು. ಗ್ರಾಂಟ್ ಮಾರಿಸನ್ ಅಂತೂ ಆಶ್ವಿಟ್ಜ್‌ನಿಂದ ಬದುಕಿ ಬಂದವನ ಕೈಲಿ ನ್ಯೂಯಾರ್ಕ್‌ನಲ್ಲಿ ಮನುಷ್ಯರನ್ನು ಸುಡೋ ಕುಲುಮೆ ಹೊತ್ತಿಸಿದರು. ಅದನ್ನು ಕೊನೆಗೆ ಮಾರ್ವೆಲ್‌ಗೇ ಜೀರ್ಣಿಸಿಕೊಳ್ಳೋಕೆ ಆಗಲಿಲ್ಲ. ‘ಅವನು ಅಸಲಿ ಮ್ಯಾಗ್ನೀಟೋ ಅಲ್ಲ, ವೇಷಧಾರಿ’ ಅಂತ ತೇಪೆ ಹಚ್ಚಿದರು.

1992ರ ಟಿವಿ ಕಾರ್ಟೂನ್‌ನ ಮುಂದುವರಿಕೆ ‘ಎಕ್ಸ್-ಮೆನ್ ’97’ (2024) ಕೂಡ ಇದೇ ದಾರಿ ಹಿಡಿಯುತ್ತೆ, ಆದರೆ ಹೆಚ್ಚು ಪ್ರಾಮಾಣಿಕವಾಗಿ. ಇಲ್ಲಿ ಮ್ಯಾಗ್ನೀಟೋ ಕಾನೂನಿಗೆ ತಲೆಬಾಗಿ ವಿಶ್ವಸಂಸ್ಥೆಯ ಎದುರು ಕಟಕಟೆಯಲ್ಲಿ ನಿಲ್ತಾನೆ. ಮ್ಯೂಟಂಟ್‌ಗಳ ದೇಶ ಜೆನೋಶಾಕ್ಕೆ ಮಾನ್ಯತೆ ಸಿಕ್ಕ ಸಂಭ್ರಮದ ರಾತ್ರಿಯೇ ಅವರನ್ನು ಬೇಟೆಯಾಡೋ ದೈತ್ಯ ರೋಬೋ ಇಳಿದು ಸಾವಿರಾರು ಜನರನ್ನು ಕೊಲ್ಲುತ್ತೆ. ಆಮೇಲೆ ಮ್ಯಾಗ್ನೀಟೋ ಇಡೀ ಭೂಮಿಯ ಕರೆಂಟ್ ತೆಗೀತಾನೆ. (ಇಂಜಿನಿಯರಿಂಗ್ ಓದಿದ ನನಗೆ ಮೊದಲು ನೆನಪಾಗಿದ್ದು ಆಸ್ಪತ್ರೆಗಳ ವೆಂಟಿಲೇಟರ್.) ಅಲ್ಲಿಗೆ ಕಥೆ ಅವನನ್ನು ತಡೆಯೋದು ಹೇಗೆ ಅನ್ನೋ ಕಡೆ ಹೊರಳುತ್ತೆ. ಜೆನೋಶಾದ ಲೆಕ್ಕ ಹಿಂದೆ ಸರಿಯುತ್ತೆ.

ಆದರೆ ಹಾಗೆ ಹೊರಳೋಕೆ ಮುಂಚೆ ‘ಮ್ಯಾಗ್ನೀಟೋ ಹೇಳಿದ್ದು ಸರಿ’ ಅನ್ನೋ ಮಾತು ಬರುತ್ತೆ. ಅದನ್ನು ಹೇಳೋದು ಮ್ಯೂಟಂಟ್ ಅಲ್ಲ. ವ್ಯಾಲೆರಿ ಕೂಪರ್ ಅನ್ನೋ ಸರ್ಕಾರಿ ಅಧಿಕಾರಿ.