ಸೆಕೆಂಡ್ ಶಿಫ್ಟಿನವರ ಸೂರ್ಯಾಸ್ತ

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಾ ಬಂದ ವಿಷಯ ಇದು. ಅಂಡಮಾನಿಗೆ ಹೋಗಿ ಬಂದವರೆಲ್ಲ ಸೆಲ್ಯುಲರ್ ಜೈಲಿನ ಬಗ್ಗೆ, ಹ್ಯಾವ್‌ಲಾಕಿನ (ಈಗ ಸ್ವರಾಜ್ ದ್ವೀಪ) ಬಿಳಿ ಮರಳಿನ ಬಗ್ಗೆ ಬರೆಯುತ್ತಾರೆ. ನನ್ನ ತಲೆಯಲ್ಲಿ ಮಾತ್ರ ಅಲ್ಲಿಂದ ಬಂದ ಮೇಲೆ ಸುತ್ತುತ್ತಿರುವುದು ನಮ್ಮ ಕಡೆಯ ಬೇತಮಂಗಲದ ಕೆರೆ. ಎತ್ತಣ ಅಂಡಮಾನ್, ಎತ್ತಣ ಬೇತಮಂಗಲ ಅನ್ನಬೇಡಿ. ಸ್ವಲ್ಪ ಸಮಾಧಾನವಾಗಿ ಓದಿ.

2022ರ ಡಿಸೆಂಬರಿನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಪೋರ್ಟ್ ಬ್ಲೇರಿಗೆ ಹೋಗಿದ್ದೆ (2024ರಲ್ಲಿ ಅದರ ಹೆಸರು ಶ್ರೀ ವಿಜಯಪುರಂ ಎಂದು ಬದಲಾಯಿತು). ಪ್ಯಾಕೇಜಿನಲ್ಲಿ ಒಂದು 'ಸನ್‌ಸೆಟ್ ಡಿನ್ನರ್ ಕ್ರೂಸ್' ಸೇರಿತ್ತು. ಮೇಲಿನ ಡೆಕ್ಕಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಸ್ಪೀಕರಿನಲ್ಲಿ ಹಳೇ ಹಿಂದಿ ಹಾಡು, ಕೆಳಗೆ ಬಫೆ. ನಾಲ್ಕಕ್ಕೇ ಹತ್ತಿಸಿಕೊಂಡರು. ಐದಕ್ಕೆಲ್ಲ ಸೂರ್ಯ ಮುಳುಗಿಯೇ ಬಿಟ್ಟ! ನಮ್ಮ ದೇಶಕ್ಕೆಲ್ಲ ಒಂದೇ ಗಡಿಯಾರ ತಾನೇ. ಅಂಡಮಾನ್ ಇರುವುದು ಬಂಗಾರಪೇಟೆಗಿಂತ ಹದಿನಾಲ್ಕು ರೇಖಾಂಶ ಪೂರ್ವಕ್ಕೆ. ಹಾಗಾಗಿ ಅಲ್ಲಿ ನಮಗಿಂತ ಸುಮಾರು ಒಂದು ಗಂಟೆ ಮೊದಲೇ ಕತ್ತಲು. "ಇದು ಊಟಾನಾ, ಸಾಯಂಕಾಲದ ತಿಂಡೀನಾ?" ಅಂತ ಅಮ್ಮ ತಟ್ಟೆ ಹಿಡಿದುಕೊಂಡು ಕೇಳಿದಳು.

ಅಪ್ಪ ಊಟದ ಕಡೆಗೇ ಬರಲಿಲ್ಲ. ಕಂಬಿ ಹಿಡಿದುಕೊಂಡು ನಿಂತೇ ಇದ್ದರು. ನಾನು ಕರೆಯೋಕೆ ಹೋದಾಗ ಹೇಳಿದ್ದು ಒಂದೇ ಮಾತು: "ಹೊತ್ತು ಮುಳುಗೋದನ್ನ ಹಿಂಗೆ ಮೊದಲಿಂದ ಕೊನೇವರೆಗೂ ನಿಂತು ನೋಡಿದ್ದು ಇದೇ ಫಸ್ಟು ಕಣಪ್ಪಾ."

ಅಪ್ಪ 1975ರಿಂದ 2001ರವರೆಗೆ ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಭೂಮಿಯೊಳಗೆ ಕೆಲಸ ಮಾಡಿದವರು. ಸೆಕೆಂಡ್ ಶಿಫ್ಟ್ ಎಂದರೆ ಮಧ್ಯಾಹ್ನ ಬಿಸಿಲಲ್ಲಿ ಕೇಜ್ ಹತ್ತಿ ಇಳಿದವರು ಮೇಲೆ ಬರುವಾಗ ರಾತ್ರಿ. ಶಿಫ್ಟ್ ಬದಲಾದಾಗ ಸಂಜೆ ಮನೆಯಲ್ಲಿ ಇರುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಬೆಳಗಿನ ಪಾಳಿ ಮುಗಿಸಿ ಬಂದವರು ಆ ಹೊತ್ತಿಗೆ ಸತ್ತ ಹಾಗೆ ಮಲಗಿರುತ್ತಿದ್ದರು. ರಾತ್ರಿ ಪಾಳಿಗೆ ಹೋಗುವವರು ಅದಕ್ಕಾಗಿ ಮಲಗಿರುತ್ತಿದ್ದರು. ಇದೆಲ್ಲ ಬಿಡಿ, ನಮ್ಮ ಲೈನಿನಲ್ಲಿ ಸೂರ್ಯ ಮುಳುಗುತ್ತಿದ್ದದ್ದು ಸಯನೈಡ್ ದಿಬ್ಬದ ಹಿಂದೆ. ಅದನ್ನು ನೋಡೋಕೆ ಯಾರು ಕುರ್ಚಿ ಹಾಕಿಕೊಂಡು ಕೂರುತ್ತಾರೆ?

ಆ ಬೋಟಿನ ಗೈಡ್ ಉತ್ತರದ ಒಂದು ಗುಡ್ಡ ತೋರಿಸಿದ. ಮೌಂಟ್ ಹ್ಯಾರಿಯಟ್, 2021ರಿಂದ ಮೌಂಟ್ ಮಣಿಪುರ. ಅಲ್ಲಿಂದ ವ್ಯೂ ಚೆನ್ನಾಗಿದೆ ಅಂದ, ಅಷ್ಟೆ. ಅವನು ಹೇಳದೇ ಬಿಟ್ಟ ಕಥೆಯೇ ದೊಡ್ಡದು. 1872ರ ಫೆಬ್ರವರಿ 8ರಂದು ಭಾರತದ ವೈಸರಾಯ್ ಲಾರ್ಡ್ ಮೇಯೋ ಆ ಗುಡ್ಡ ಹತ್ತಿದ್ದೂ ಸೂರ್ಯಾಸ್ತ ನೋಡುವುದಕ್ಕೇ. ಬಂದ ಕೆಲಸ ಕೈದಿಗಳ ವಸಾಹತಿನ ತಪಾಸಣೆ. ದಿನದ ಕಾರ್ಯಕ್ರಮ ಮುಗಿದ ಮೇಲೂ ಇನ್ನೂ ಬೆಳಕಿದೆ, ಹೋಗಿ ನೋಡಿ ಬರೋಣ ಅಂತ ಹೊರಟರಂತೆ. ಗ್ಲಾಸ್ಗೋ ಎಂಬ ಯುದ್ಧನೌಕೆಯಲ್ಲಿ ಅವರ ಪತ್ನಿ ಕಾಯುತ್ತಿದ್ದರು. ಸೂರ್ಯಾಸ್ತ ನೋಡಿ ಇಳಿದು, ಕತ್ತಲಲ್ಲಿ ಪಂಜಿನ ಬೆಳಕಿನಲ್ಲಿ ಹೋಪ್‌ಟೌನ್ ಜೆಟ್ಟಿಗೆ ಬಂದು ಇನ್ನೇನು ಬೋಟ್ ಹತ್ತಬೇಕು, ಶೇರ್ ಅಲಿ ಎಂಬ ಪಠಾಣ ಕೈದಿ ಹಿಂದಿನಿಂದ ಹಾರಿ ಚಾಕುವಿನಿಂದ ಇರಿದ. ವೈಸರಾಯ್ ಹಡಗು ಮುಟ್ಟುವಷ್ಟರಲ್ಲಿ ಪ್ರಾಣ ಹೋಗಿತ್ತು. ಶೇರ್ ಅಲಿಯನ್ನು ಅದೇ ಮಾರ್ಚಿನಲ್ಲಿ ವೈಪರ್ ದ್ವೀಪದಲ್ಲಿ ಗಲ್ಲಿಗೇರಿಸಿದರು. ಅಂಡಮಾನಿನ ಮೊದಲ ಹೆಸರುವಾಸಿ ಸನ್‌ಸೆಟ್ ಟ್ರಿಪ್ ಮುಗಿದದ್ದು ಹೀಗೆ.

ನಮ್ಮ ಬೆಂಗಳೂರಿನ ಎಂ.ಜಿ. ರಸ್ತೆಯ ಕೊನೆಯಲ್ಲಿರುವ ಮೇಯೋ ಹಾಲ್ ಈತನ ನೆನಪಿಗೇ ಕಟ್ಟಿದ್ದು, 1883ರಲ್ಲಿ. ಕೋರ್ಟಿಗೆ ಅಂತ ಅಲ್ಲಿಗೆ ಅಲೆದವರಲ್ಲಿ ಎಷ್ಟು ಜನಕ್ಕೆ ಈ ಕಥೆ ಗೊತ್ತೋ ಏನೋ! ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಲ್ಯಾವೆಲ್ಲೆ ರಸ್ತೆ ಇದೆ. ಆ ಹೆಸರಿನ ಹಿಂದೆ ಇರುವವನು ಮೈಕೆಲ್ ಲ್ಯಾವೆಲ್ಲೆ, ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನಲ್ಲಿ ನೆಲೆ ನಿಂತ ಐರಿಷ್ ಸಿಪಾಯಿ. ಲೆಫ್ಟಿನೆಂಟ್ ಜಾನ್ ವಾರೆನ್ 1802ರ ಹೊತ್ತಿಗೆ ಮಾರಿಕುಪ್ಪಂ, ಊರಿಗಾಂ ಸುತ್ತಲಿನ ಹಳ್ಳಿಗರು ಮಣ್ಣಿನಿಂದ ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟಿದ್ದ. ಅದನ್ನು ಓದಿಕೊಂಡು ಲ್ಯಾವೆಲ್ಲೆ 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ. 1875ರಲ್ಲಿ ಪರವಾನಗಿ ಸಿಕ್ಕಿತು. ದುಡ್ಡು ಸಾಲದೆ ಎರಡು ವರ್ಷದೊಳಗೆ ಬೇರೆಯವರಿಗೆ ದಾಟಿಸಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆಯೇ ನಿಜವಾದ ಗಣಿಗಾರಿಕೆ.

ಬಂಗಾರಪೇಟೆಯ ಕಥೆಯೂ ಇದಕ್ಕೆ ಅಂಟಿಕೊಂಡೇ ಇದೆ. ಇದರ ಹಳೇ ಹೆಸರು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು. 1864ರಲ್ಲಿ ಬೆಂಗಳೂರು-ಜೋಲಾರಪೇಟೆ ರೈಲು ಬಂದಾಗ ಈ ಕಡೆಯ ವ್ಯಾಪಾರವೆಲ್ಲ ಹಳಿಯ ಪಕ್ಕಕ್ಕೆ ಸರಿಯಿತು. ಸೊರಗಿದ್ದು ಯಾವ ಊರು? ಬೇತಮಂಗಲ!

ಬೇತಮಂಗಲ ಸಣ್ಣ ಊರಲ್ಲ ಸ್ವಾಮಿ. ಹಳೆಯ ಹೆಸರು ವಿಜಯಾದಿತ್ಯಮಂಗಲ. ಬಾಣ ಅರಸನ ಹೆಸರು. ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಕೆರೆ. ಹತ್ತನೇ ಶತಮಾನದಲ್ಲಿ ನೊಳಂಬರು ಅದನ್ನು ದುರಸ್ತಿ ಮಾಡಿಸಿದರು, ಹೊಯ್ಸಳರ ಕಾಲದಲ್ಲಿ ಮತ್ತೊಮ್ಮೆ ದುರಸ್ತಿಯಾಯಿತು. ನದಿ ಅನ್ನುತ್ತೇವಾದರೂ ಪಾಲಾರ್ ವರ್ಷದ ಬಹುಪಾಲು ಬರೀ ಮರಳು. ನಂದಿಬೆಟ್ಟದ ಕಡೆ ಹುಟ್ಟಿ ನಮ್ಮಲ್ಲಿ 93 ಕಿ.ಮೀ. ಹರಿದು, ಆಂಧ್ರದ ಮೂಲೆ ಹಾದು ತಮಿಳುನಾಡಿಗೆ ಇಳಿಯುತ್ತದೆ. ಬಂದರೆ ಮಾತ್ರ ಬಿಡುವುದಿಲ್ಲ. 1903ರ ನವೆಂಬರಿನಲ್ಲಿ ಬೇತಮಂಗಲದ ಕೆರೆ ಒಡೆಯಿತು. ಕೆಳಗಡೆ ವಾಣಿಯಂಬಾಡಿಯಲ್ಲಿ ಪಾಲಾರಿನ ಪ್ರವಾಹಕ್ಕೆ ಸಿಕ್ಕಿ ನೂರಾರು ಜನ ಸತ್ತರು.

ಈ ಕೆರೆಯ ಮೇಲೆ ಕಣ್ಣು ಬಿದ್ದಿದ್ದು ಗಣಿಗೆ ನೀರು ಬೇಕಾಗಿದ್ದರಿಂದ. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಅಂಥ ಜಾಗದಲ್ಲಿ ಮೂವತ್ತು ವರ್ಷದಲ್ಲಿ ಒಂದು ದೊಡ್ಡ ಪಟ್ಟಣ ಎದ್ದು ನಿಂತಿತು. ಅದಿರು ತೊಳೆಯಲು ನೀರು, ಬಾಯ್ಲರಿಗೆ ನೀರು, ಜನಕ್ಕೆ ನೀರು. 1902ರಲ್ಲಿ ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದು ಕರೆಂಟು ತಂದವರಿಗೆ ಬೇತಮಂಗಲದಿಂದ ನೀರು ತರುವುದು ದೊಡ್ಡದಾಗಲಿಲ್ಲ. ಕೆರೆಯನ್ನು ಮತ್ತೆ ಕಟ್ಟಿ, ನೀರು ಶುದ್ಧ ಮಾಡಿ, ಪಂಪಿನಿಂದ ಪೈಪಿಗೆ ಹತ್ತಿಸಿದರು. ಅಂದಹಾಗೆ, ಬೆಂಗಳೂರಿನ ಬೀದಿ ದೀಪಕ್ಕೆ ಆ ಕರೆಂಟು ಬಂದದ್ದು 1905ರಲ್ಲಿ. ಗಣಿಗೆ ಮೂರು ವರ್ಷ ಮೊದಲೇ.

ಈಗ ದೋಣಿಯ ವಿಷಯಕ್ಕೆ ಬರ್ತೀನಿ. ತಾತ (ಅಮ್ಮನ ಅಪ್ಪ) ಆ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದರು. ಅವರು ಹೇಳುತ್ತಿದ್ದ ಪ್ರಕಾರ, ಭಾನುವಾರ ಸಂಜೆ ದೊರೆಗಳು ಕುಟುಂಬ ಸಮೇತ ಬರುತ್ತಾರೆ ಅಂದರೆ ಬೆಳಿಗ್ಗೆಯಿಂದಲೇ ದೋಣಿ ತೊಳೆಯೋ ಕೆಲಸ. ಬುಟ್ಟಿಗಳಲ್ಲಿ ಊಟ ಬರುತ್ತಿತ್ತು, ಹಿಂದೆ ಬಟ್ಲರ್. ಆಂಗ್ಲೋ ಇಂಡಿಯನ್ನರು ಬಂದರೆ ಬಾಲ್ ಕರಿ, ಹಳದಿ ಅನ್ನ. ಬಿಸಿಲು ಇಳಿದ ಮೇಲೆ ದೋಣಿ ಕೆರೆ ಮಧ್ಯಕ್ಕೆ ಹೋಗಿ ನಿಲ್ಲುತ್ತಿತ್ತು. ಹುಟ್ಟು ಹಾಕುವವನು ಮಾತ್ರ ನಮ್ಮವನು. ಕೆ.ಜಿ.ಎಫ್ ಅನ್ನು 'ಲಿಟಲ್ ಇಂಗ್ಲೆಂಡ್' ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. 1885ರಲ್ಲೇ ಕ್ಲಬ್, ಆಮೇಲೆ ಗಾಲ್ಫ್, ಬಂಗಲೆಗಳ ಮುಂದೆ ಗುಲಾಬಿ. ಇಂಗ್ಲೆಂಡಿನಲ್ಲಿ ಇದ್ದದ್ದರಲ್ಲಿ ಇಲ್ಲಿ ಇರದಿದ್ದದ್ದು ನೀರು ಒಂದೇ. ಅದನ್ನೂ ಬೇತಮಂಗಲ ಕೊಟ್ಟಿತು.

"ದೋಣಿಯಲ್ಲಿ ನೀವೂ ಕೂತಿದ್ರಾ ತಾತ?" ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಕೂತಿದ್ದೆ, ತೊಳೆಯುವಾಗ" ಅಂದಿದ್ದರು.

ನೀರಿನ ಮೇಲೆ ಕೂತು ಉಣ್ಣುವುದನ್ನು ಬಿಳಿಯರು ಕಂಡುಹಿಡಿದರು ಅಂತೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ರಾಜರ ಕ್ರೀಡೆಗಳ ಒಂದು ಪಟ್ಟಿಯೇ ಇದೆ: ಜಲಕ್ರೀಡೆ, ಮರಳಿನ ಕ್ರೀಡೆ, ಬೆಳದಿಂಗಳ ಕ್ರೀಡೆ. ಅದೇ ಗ್ರಂಥದಲ್ಲಿ ಅಡುಗೆಯ ಮೇಲೂ ಅಧ್ಯಾಯವಿದೆ, ನಮ್ಮ ಇಡ್ಲಿಯ ಪೂರ್ವಜನೂ ಅಲ್ಲೇ ಸಿಗುತ್ತಾನೆ. ರಾಜರಿಗೆ ಅದಾದರೆ ನಮ್ಮಂಥವರಿಗೆ ಬೆಳದಿಂಗಳೂಟ. ಹುಣ್ಣಿಮೆ ದಿನ ಅಂಗಳದಲ್ಲೋ ಕೆರೆ ಏರಿಯ ಮೇಲೋ ಸುತ್ತ ಕೂತು, ಅಜ್ಜಿ ಕಲಸಿದ ಅನ್ನದ ಕೈತುತ್ತು. ದೋಣಿ ಮಾತ್ರ ದೇವರಿಗೆ ಮೀಸಲು, ತೆಪ್ಪೋತ್ಸವದ ದಿನ. ನೀವು ಗಮನಿಸಿ, ಇದರಲ್ಲೆಲ್ಲೂ ಮುಳುಗುವ ಸೂರ್ಯ ಇಲ್ಲ. ಹೊತ್ತು ಮುಳುಗುವಾಗ ಬಾಗಿಲಲ್ಲಿ ದೀಪ ಹಚ್ಚಬೇಕು, ಮಲಗಿರಬಾರದು, ಉಣ್ಣಬಾರದು ಅನ್ನುವ ಜನ ನಾವು. ಮುಸ್ಸಂಜೆಯನ್ನು ನೋಡುವ ವಸ್ತುವನ್ನಾಗಿ ಮಾಡಿದ್ದು ಹಡಗಿನ ಡೆಕ್ಕೇ ಇರಬೇಕು ಅಂತ ನನ್ನ ಅನುಮಾನ. ಪಿ ಅಂಡ್ ಓ ಕಂಪನಿ 1844ರಲ್ಲೇ ಸುಮ್ಮನೆ ಸುತ್ತಾಡಿ ಬರಲು ಟಿಕೆಟ್ ಮಾರಿತ್ತು. ವಿಹಾರಕ್ಕೆಂದೇ ಕಟ್ಟಿದ ಮೊದಲ ಹಡಗು ಅನ್ನುವ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್' ಜರ್ಮನಿಯಲ್ಲಿ ನೀರಿಗಿಳಿದದ್ದು 1900ರಲ್ಲಿ. ಹೆಚ್ಚು ಕಡಿಮೆ ಬೇತಮಂಗಲದ ನೀರು ಕೆ.ಜಿ.ಎಫ್ ಕಡೆ ಹೊರಟ ಕಾಲವೇ.

ಅದೇ ನೀರು ಅಪ್ಪ ಇಳಿಯುತ್ತಿದ್ದ ಗಣಿಯಲ್ಲಿ ಏನಾಗಿತ್ತು ಅಂತ ಹೇಳದಿದ್ದರೆ ಈ ಕಥೆ ಅರ್ಧ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಅಷ್ಟು ಕೆಳಗೆ ಬಂಡೆಯ ಶಾಖವೇ 65 ಡಿಗ್ರಿ ಮುಟ್ಟುತ್ತದೆ. ತಣ್ಣನೆ ಗಾಳಿ ಊದಿದರೂ ಮೈ ಮೇಲೆ ಅಂಗಿ ನಿಲ್ಲುತ್ತಿರಲಿಲ್ಲ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಧೂಳು ಅಡಗಲಿ ಅಂತ ಡ್ರಿಲ್ಲಿನ ಮೂತಿಗೇ ನೀರು ಬಿಡುವ ಪದ್ಧತಿ ಬಂತು. ಧೂಳೇನೋ ತಗ್ಗಿತು, ಆದರೆ ಆ ಶಾಖದಲ್ಲಿ ನೀರೆಲ್ಲ ಹಬೆಯಾಗಿ ಬೆವರು ಆರದ ಹಾಗಾಯಿತು. ಮೇಲೆ ಲೈನುಗಳಲ್ಲಿ ಇದೇ ನೀರಿಗೆ ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು. ತಮಿಳು ಸೀಮೆಯ ಆರ್ಕಾಟು, ಸೇಲಂ, ಆಂಧ್ರದ ಚಿತ್ತೂರಿನಿಂದ ಬಂದ, ಬಹುಪಾಲು ದಲಿತರಾದ ಕಾರ್ಮಿಕರು ಮೊದಲು ಇದ್ದದ್ದು ಬಿದಿರಿನ ತಟ್ಟಿಯ ಗುಡಿಸಲಲ್ಲಿ. ಸುಮಾರು 120 ವರ್ಷದಲ್ಲಿ ಆ ಜನ ಮೇಲೆತ್ತಿದ ಚಿನ್ನ ಅಂದಾಜು 800 ಟನ್.

2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಅಪ್ಪನಿಗೆ ಸಂಜೆಗಳು ವಾಪಸು ಸಿಕ್ಕವು ಅಂದುಕೊಂಡಿರಾ? ಇಲ್ಲ. ಮನೆ ನಡೆಯಬೇಕಲ್ಲ. ಬೆಂಗಳೂರಿನಲ್ಲಿ ನೈಟ್ ಸೆಕ್ಯೂರಿಟಿ ಕೆಲಸ ಸಿಕ್ಕಿತು. ಮಾರಿಕುಪ್ಪಂನಿಂದ ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವವರು ಸಾವಿರಾರು ಜನ, ಇವತ್ತಿಗೂ. ಅಪ್ಪನದು ಅವರಿಗೆ ಉಲ್ಟಾ ಟೈಮು. ಹೋಗುವಾಗ ರೈಲು ಪಶ್ಚಿಮಕ್ಕೆ ಮುಖ ಮಾಡಿರುತ್ತಿತ್ತು, ಸೂರ್ಯ ಎದುರಿಗೇ. ಆದರೆ ಸೀಟಿನಲ್ಲಿ ಕೂತ ಕೂಡಲೇ ನಿದ್ದೆ ತೆಗೆಯುವುದೇ ಅಭ್ಯಾಸ. ರಾತ್ರಿ ಎಚ್ಚರ ಇರಬೇಕಲ್ಲ.

2021ರ ನವೆಂಬರಿನ ಮಳೆಗೆ ಬೇತಮಂಗಲದ ಕೆರೆ ಕೋಡಿ ಹರಿದಾಗ ಜಾತ್ರೆಯ ಹಾಗೆ ಜನ. ನಾವು ಆಗ ಹೋಗಲಿಲ್ಲ. ಅಂಡಮಾನಿನಿಂದ ಬಂದ ಮೇಲೆ, 2023ರ ಸಂಕ್ರಾಂತಿ ಮುಗಿದ ಭಾನುವಾರ, ನಾನೇ ಎಬ್ಬಿಸಿಕೊಂಡು ಹೋದೆ. ದಾರಿಯಲ್ಲಿ ಬಂಗಾರಪೇಟೆಯಲ್ಲಿ ಪಾನಿಪೂರಿ ಆಗಲೇಬೇಕು ಅಂತ ಅಮ್ಮನ ಹಟ. (ನಮ್ಮೂರ ಪಾನಿಪೂರಿಯ ನೀರು ಬಣ್ಣವಿಲ್ಲದ ತಿಳಿನೀರು, ಬಾಯಿಗಿಟ್ಟ ಮೇಲೇ ಖಾರ ಗೊತ್ತಾಗೋದು. ತಿನ್ನದವರು ಒಮ್ಮೆ ಬನ್ನಿ.) ಕೆರೆ ಏರಿ ಮೇಲೆ ನಾವು ಮೂರು ಜನ, ಒಂದಿಷ್ಟು ಹುಡುಗರು, ಬಟ್ಟೆ ಒಗೆದು ಹೊರಟಿದ್ದ ಇಬ್ಬರು ಹೆಂಗಸರು. ದೋಣಿ ಒಂದೂ ಕಾಣಲಿಲ್ಲ. ನೀರು ಸಾಕಷ್ಟು ಇತ್ತು.

ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದಳು. ದೀಪ ಹಚ್ಚೋ ಹೊತ್ತಲ್ಲಿ ಉಣ್ಣಬಾರದು ಅಂತ ಅವಳೇ ಹೇಳಿ, ಅವಳೇ ಬಡಿಸಿದಳು. ಅಪ್ಪ ಈ ಸಲ ತಟ್ಟೆ ಕೈಯಲ್ಲೇ ಹಿಡಿದುಕೊಂಡು ನೋಡಿದರು. ಕೆಂಪು ಪೂರ್ತಿ ಹೋದ ಮೇಲೆ ವಾಚ್ ನೋಡಿಕೊಂಡು, "ಆರೂ ಕಾಲು. ಅಲ್ಲಿಗಿಂತ ಒಂದು ಗಂಟೆ ಜಾಸ್ತಿ ಸಿಗ್ತು" ಅಂದರು. ಆಮೇಲೆ ಪಂಪ್‌ಹೌಸ್ ಎಲ್ಲಿತ್ತು ಅಂತ ಅಮ್ಮನನ್ನು ಕೇಳಿದರು. ಅಮ್ಮ ಕತ್ತಲಲ್ಲೇ ಕೈ ಮಾಡಿ ತೋರಿಸಿದಳು.